ತೋಟದ ಮರದಲ್ಲಿ ಬಟ್ಟಲು ಕಡೆಯುವ ಹವ್ಯಾಸ

ಮುಂಗಾರಿನ ಗಾಳಿಗೆ ತೋಟದ ಅಂಚಿನ ಹಲಸಿನ ಮರವೊಂದು ಉರುಳಿಬಿದ್ದರೆ ಸಾಮಾನ್ಯವಾಗಿ ಆಗುವುದಿಷ್ಟು. ನೇರವಾದ ಬೊಡ್ಡೆಯನ್ನು ಸಾಮಿಲ್ಲಿಗೆ ಸಾಗಿಸಿ ಹಲಗೆ ಕೊಯ್ಯಿಸುತ್ತಾರೆ. ಕವಲು, ಗಂಟು, ಡೊಂಕು ತುಂಡುಗಳೆಲ್ಲ ಬಚ್ಚಲೊಲೆಯ ಪಾಲಾಗುತ್ತವೆ. ಮರ ಕಡೆಯುವ ಹವ್ಯಾಸವುಳ್ಳವರಿಗೆ ಈ ಒಲೆಯ ಪಾಲಿನ ತುಂಡುಗಳೇ ಬಲು ಬೆಲೆಯುಳ್ಳವು. ಕವಲೊಡೆಯುವ ಜಾಗದಲ್ಲಿ ಮರದ ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಹಲಗೆಗೆ ಅದು ದೋಷ, ಬಟ್ಟಲಿಗೆ ಅದೇ ಸೊಗಸು.

ಹೊಲ ಗದ್ದೆಗಳ ಕೆಲಸ ಕಡಿಮೆಯಿರುವ ದಿನಗಳಲ್ಲಿ ಕೈಗೆತ್ತಿಕೊಳ್ಳಬಹುದಾದ ಹವ್ಯಾಸಗಳಲ್ಲಿ ಬಟ್ಟಲು ಕಡೆಯುವುದೂ ಒಂದು. ಆದರೆ ಹೊಸದಾಗಿ ಪ್ರಾರಂಭಿಸಿದವರಲ್ಲಿ ಹಲವರು ಒಂದೆರಡು ತಿಂಗಳಲ್ಲೇ ಬೇಸತ್ತು ಕೈಬಿಡುತ್ತಾರೆ. ಕಡೆದಾಗ ಕನ್ನಡಿಯಂತಿದ್ದ ಬಟ್ಟಲು ವಾರ ಕಳೆಯುವುದರೊಳಗೆ ಅಂಚಿನಿಂದ ತಳದವರೆಗೆ ಸೀಳಿರುತ್ತದೆ. ಕೈಚಳಕ ಸಾಲದೆಂದು ಅವರು ಭಾವಿಸುತ್ತಾರೆ. ವಾಸ್ತವದಲ್ಲಿ ತಪ್ಪು ಆಗಿರುವುದು ಕಡೆಯುವಲ್ಲಿ ಅಲ್ಲ, ಮರದೊಳಗಿನ ನೀರನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಇರುವುದರಲ್ಲಿ. ಆದುದರಿಂದ ಈ ಲೇಖನದಲ್ಲಿ ಯಂತ್ರಕ್ಕಿಂತ ಹೆಚ್ಚಾಗಿ ಒಣಗಿಸುವ ವಿಧಾನಕ್ಕೇ ಒತ್ತು ಕೊಡಲಾಗಿದೆ.

ಮರ ಕಡೆಯುವ ಕಲೆ ನಮ್ಮ ನಾಡಿಗೆ ಹೊಸದಲ್ಲ. ಕಡಗೋಲು, ಕುಂಕುಮದ ಭರಣಿ, ತೊಟ್ಟಿಲಿನ ಗೂಟ, ಮನೆಯ ಕಂಬ ಇವೆಲ್ಲ ಕಡೆದ ಮರದ ವಸ್ತುಗಳೇ. ಬೆಂಗಳೂರು–ಮೈಸೂರು ರಸ್ತೆಯಲ್ಲಿ ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರದಲ್ಲಿರುವ ಚನ್ನಪಟ್ಟಣದಲ್ಲಿ ಇದೇ ಕಸುಬನ್ನು ನಂಬಿದ ಕುಟುಂಬಗಳು ತಲೆಮಾರುಗಳಿಂದ ಇವೆ. ಟಿಪ್ಪುವಿನ ಕಾಲದಲ್ಲಿ ಪರ್ಷಿಯಾದ ಕುಶಲಕರ್ಮಿಗಳು ಬಂದು ಕಲಿಸಿದರೆಂಬ ಪ್ರತೀತಿ ಅಲ್ಲಿದೆ. ಅಲ್ಲಿನ ಗೊಂಬೆಗಳಿಗೆ ಹೆಸರು ಬಂದಿರುವುದು ಬಣ್ಣದಿಂದ ಎಂದು ಹೊರಗಿನವರು ತಿಳಿದಿದ್ದಾರೆ. ಬಣ್ಣದಷ್ಟೇ ಮುಖ್ಯವಾದುದು ಅವರು ಆರಿಸಿಕೊಂಡಿರುವ ಆಲೆ ಮರ. ಕುರುಚಲು ಕಾಡಿನಲ್ಲೂ ಹೊಲದ ಬದುಗಳಲ್ಲೂ ಬೆಳೆಯುವ ಈ ಹಾಲು ಸುರಿಸುವ ಮರದ ಎಳೆಗಳು ಬಹಳ ನಯ, ಬಣ್ಣ ದಂತದಂತೆ ಬಿಳುಪು. ಈ ಮರವನ್ನು ಕೂಡ ಚನ್ನಪಟ್ಟಣದವರು ತಂದ ದಿನವೇ ಯಂತ್ರಕ್ಕೆ ಏರಿಸುವುದಿಲ್ಲ. ತುಂಡು ಮಾಡಿ, ತಿಂಗಳುಗಟ್ಟಲೆ ನೆರಳಿನಲ್ಲಿ ಒಣಗಲು ಬಿಡುತ್ತಾರೆ. ಗೊಂಬೆಯ ತುಂಡು ಸಣ್ಣದು, ಬೇಗ ಒಣಗುತ್ತದೆ. ಒಂದು ಗೇಣು ಅಗಲದ ಬಟ್ಟಲಿಗೆ ಬೇಕಾದ ದಪ್ಪ ತುಂಡನ್ನು ಹಾಗೆಯೇ ಇಟ್ಟರೆ ಒಳಗೆ ಒಣಗುವ ಮೊದಲು ಹೊರಗೆ ಸೀಳುತ್ತದೆ. ಆದ್ದರಿಂದ ಬಟ್ಟಲಿನ ದಾರಿಯೇ ಬೇರೆ.

ಮರ ಏಕೆ ಸೀಳುತ್ತದೆ?

ಹಸಿ ಮರದಲ್ಲಿ ನೀರು ಎರಡು ರೀತಿಯಲ್ಲಿರುತ್ತದೆ. ಜೀವಕೋಶಗಳ ಟೊಳ್ಳಿನಲ್ಲಿ ತುಂಬಿರುವುದು ಒಂದು, ಕೋಶದ ಗೋಡೆಯಲ್ಲಿ ಹೀರಿಕೊಂಡಿರುವುದು ಇನ್ನೊಂದು. ಟೊಳ್ಳಿನ ನೀರು ಮೊದಲು ಹೋಗುತ್ತದೆ. ಇದರಿಂದ ಮರ ಹಗುರವಾಗುತ್ತದೆಯೇ ಹೊರತು ಅಳತೆಯಲ್ಲಿ ಬದಲಾಗುವುದಿಲ್ಲ. ಒಣ ಮರದ ತೂಕಕ್ಕೆ ಹೋಲಿಸಿದಾಗ ತೇವಾಂಶ ಶೇಕಡ 30ರ ಆಸುಪಾಸಿಗೆ ಇಳಿದ ಮೇಲೆ ಗೋಡೆಯ ನೀರು ಹೊರಡಲು ಪ್ರಾರಂಭವಾಗುತ್ತದೆ. ಮರ ಕುಗ್ಗುವುದು ಆಗಲೇ. ಒಳನಾಡಿನ ಹವೆಯಲ್ಲಿ ಅದು ಶೇಕಡ 10–12ರ ಸುಮಾರಿಗೆ ಬಂದು ನಿಲ್ಲುತ್ತದೆ. ಕರಾವಳಿಯಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಇದಕ್ಕಿಂತ ಹೆಚ್ಚಿರುತ್ತದೆ.

ಈ ಕುಗ್ಗುವಿಕೆ ಎಲ್ಲ ದಿಕ್ಕಿಗೂ ಸಮನಾಗಿದ್ದರೆ ತೊಂದರೆಯೇ ಇರುತ್ತಿರಲಿಲ್ಲ. ಮರ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ತಿರುಳಿನಿಂದ ತೊಗಟೆಯ ಕಡೆಗೆ ಸ್ವಲ್ಪ ಕುಗ್ಗುತ್ತದೆ. ಉಂಗುರಗಳ ಸುತ್ತಿನ ದಿಕ್ಕಿನಲ್ಲಿ ಅದರ ಸುಮಾರು ಎರಡರಷ್ಟು ಕುಗ್ಗುತ್ತದೆ. ದುಂಡನೆಯ ದಿಮ್ಮಿಯ ಸುತ್ತಳತೆ ಕಿರಿದಾಗಬೇಕು, ಆದರೆ ಒಳಗಿನ ತಿರುಳು ಅಷ್ಟು ಕಿರಿದಾಗಲು ಒಪ್ಪುವುದಿಲ್ಲ. ಪರಿಣಾಮವಾಗಿ ತಿರುಳಿನಿಂದ ತೊಗಟೆಗೆ ಬಾಯಿ ಬಿಡುತ್ತದೆ. ಕಟ್ಟಿಗೆಯ ರಾಶಿಯಲ್ಲಿರುವ ಯಾವುದೇ ದಿಮ್ಮಿಯ ತುದಿಯನ್ನು ನೋಡಿದರೂ ಇದು ಕಾಣುತ್ತದೆ. ದಿಮ್ಮಿಯ ಕೊಯ್ದ ತುದಿಯಿಂದ ನೀರು ಬಹು ಬೇಗ ಆವಿಯಾಗುವುದರಿಂದ ಬಿರುಕು ಮೊದಲು ಕಾಣಿಸಿಕೊಳ್ಳುವುದೂ ಅಲ್ಲಿಯೇ. ಬಯಲುಸೀಮೆಯಲ್ಲಿ ಶಿವರಾತ್ರಿಯಿಂದ ಯುಗಾದಿಯವರೆಗಿನ ಒಣಗಾಳಿಯಲ್ಲಿ ಕಡಿದ ಮರಕ್ಕೆ ಎರಡೇ ದಿನ ಸಾಕು.

ಮರ ಬಿದ್ದ ದಿನದ ಕೆಲಸ

ಮೊದಲು ಕಾನೂನಿನ ಮಾತು. ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ ಸ್ವಂತ ಜಮೀನಿನ ಮರವನ್ನು ಕಡಿಯುವುದಕ್ಕೂ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಬೇಕು. ತೆಂಗು, ಅಡಿಕೆ, ಸಿಲ್ವರ್ ಓಕ್, ಸರ್ವೆ ಮೊದಲಾದ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಗಾಳಿಗೆ ಬಿದ್ದ ಮರವಾದರೂ ಕೊಯ್ದು ಸಾಗಿಸುವ ಮುನ್ನ ಹತ್ತಿರದ ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಒಳಿತು. ಶ್ರೀಗಂಧ, ಬೀಟೆಗಳ ತಂಟೆಗೆ ಹವ್ಯಾಸಿಗಳು ಹೋಗದಿರುವುದೇ ಕ್ಷೇಮ.

ದಿಮ್ಮಿಯನ್ನು ಅದರ ಅಡ್ಡಗಲಕ್ಕಿಂತ 10 ಸೆಂ.ಮೀ.ನಷ್ಟು ಹೆಚ್ಚು ಉದ್ದವಿಟ್ಟು ತುಂಡು ಮಾಡಬೇಕು. ತುದಿಯಲ್ಲಿ ಸೀಳು ಬಿದ್ದರೆ ಅಷ್ಟನ್ನು ಕತ್ತರಿಸಿ ಬಿಸಾಡಲು ಈ ಹೆಚ್ಚುವರಿ. ಅದೇ ದಿನ ಎರಡೂ ತುದಿಗಳಿಗೆ ಕರಗಿಸಿದ ಮೇಣವನ್ನಾಗಲಿ, ಮನೆಯಲ್ಲಿ ಉಳಿದ ಹಳೆಯ ಎಣ್ಣೆಬಣ್ಣವನ್ನಾಗಲಿ ದಪ್ಪನಾಗಿ ಬಳಿಯಬೇಕು. ಏನೂ ಸಿಗದಿದ್ದರೆ ಸಗಣಿ ಮತ್ತು ಜೇಡಿಮಣ್ಣಿನ ಬಗ್ಗಡವನ್ನು ಬಳಿದರೂ ಸ್ವಲ್ಪ ಕಾಲ ತಡೆಯುತ್ತದೆ, ಆದರೆ ಉದುರಿದಂತೆಲ್ಲ ಮತ್ತೆ ಬಳಿಯುತ್ತಿರಬೇಕು. ನಾಳೆ ಮಾಡೋಣವೆಂದು ಬಿಟ್ಟ ಮರ ಕೈಗೆ ಹತ್ತುವುದಿಲ್ಲ.

ಅನಂತರ ದಿಮ್ಮಿಯನ್ನು ತಿರುಳಿನ ಮೇಲೆಯೇ ಉದ್ದುದ್ದ ಎರಡು ಹೋಳಾಗಿ ಸೀಳಬೇಕು. ಪ್ರತಿ ಹೋಳಿನಿಂದಲೂ ತಿರುಳಿನ ಭಾಗವನ್ನು ಒಂದೆರಡು ಸೆಂ.ಮೀ. ದಪ್ಪಕ್ಕೆ ಪೂರ್ತಿಯಾಗಿ ತೆಗೆದುಹಾಕಬೇಕು. ತಿರುಳನ್ನು ಒಳಗೊಂಡ ಬಟ್ಟಲು ಒಡೆಯದೆ ಉಳಿಯುವುದು ಅಪರೂಪ. ಉಳಿದ ಹೋಳಿನ ಚಪ್ಪಟೆ ಮೈಮೇಲೆ ಕೈವಾರದಿಂದ ವೃತ್ತ ಬರೆದು ಮೂಲೆಗಳನ್ನು ಗರಗಸದಿಂದ ತೆಗೆದರೆ ಕಡೆಯಲು ದಿಂಡು ಸಿದ್ಧ. ಚಪ್ಪಟೆ ಮೈ ಬಟ್ಟಲಿನ ಬಾಯಿಯಾಗುವಂತೆ, ತೊಗಟೆಯ ಕಡೆ ತಳವಾಗುವಂತೆ ಇಟ್ಟುಕೊಳ್ಳುವುದು ರೂಢಿ.

ಎರಡು ಸಲ ಕಡೆಯುವ ವಿಧಾನ

ಬಟ್ಟಲಿನ ಗುಟ್ಟೆಲ್ಲ ಇರುವುದು ಇಲ್ಲಿ. ಮರ ಹಸಿಯಾಗಿರುವಾಗಲೇ ಒಮ್ಮೆ ದಪ್ಪವಾಗಿ ಕಡೆದು, ಆ ಒರಟು ಬಟ್ಟಲನ್ನು ಒಣಗಿಸಿ, ಪೂರ್ತಿ ಒಣಗಿದ ಮೇಲೆ ಎರಡನೆಯ ಸಲ ಅಂತಿಮ ಆಕಾರಕ್ಕೆ ಕಡೆಯಬೇಕು. ಹಸಿ ಮರ ಕಡೆಯುವುದು ಸುಲಭ. ಉಳಿಯ ಬಾಯಿಂದ ಸಿಪ್ಪೆ ಉದ್ದುದ್ದ ಎಳೆಯಾಗಿ ಸುರುಳಿ ಸುತ್ತಿಕೊಂಡು ಹಾರುತ್ತದೆ, ಧೂಳೂ ಏಳುವುದಿಲ್ಲ. ನಡುವಿನ ಮರವನ್ನು ತೋಡಿ ತೆಗೆದ ಮೇಲೆ ಉಳಿದ ಗೋಡೆ ತೆಳುವಾದುದರಿಂದ ಒಳಗೂ ಹೊರಗೂ ಹೆಚ್ಚುಕಡಿಮೆ ಒಟ್ಟಿಗೇ ಒಣಗುತ್ತದೆ. ಸೀಳುವ ಬದಲು ಬಟ್ಟಲು ಬಾಗುತ್ತದೆ.

ಒರಟು ಬಟ್ಟಲಿನ ಗೋಡೆಯ ದಪ್ಪ ಬಾಯಿಯ ಅಗಲದ ಹತ್ತನೆಯ ಒಂದು ಪಾಲು ಇರಬೇಕೆಂಬುದು ಅನುಭವದಿಂದ ಬಂದ ಲೆಕ್ಕ. ಬಾಯಿ 25 ಸೆಂ.ಮೀ. ಇದ್ದರೆ ಗೋಡೆ 2.5 ಸೆಂ.ಮೀ. ಈ ಲೆಕ್ಕಕ್ಕೆ ಕಾರಣವಿದೆ. ಅಡ್ಡಕ್ಕೆ ಶೇಕಡ 5ರಷ್ಟು ಕುಗ್ಗುವ ಮರವೆಂದಿಟ್ಟುಕೊಂಡರೆ, 25 ಸೆಂ.ಮೀ. ಬಟ್ಟಲು ಎಳೆಗೆ ಅಡ್ಡವಾಗಿ ಸುಮಾರು 12 ಮಿ.ಮೀ. ಕಿರಿದಾಗುತ್ತದೆ, ಎಳೆಯ ಉದ್ದಕ್ಕೆ ಹಾಗೆಯೇ ಉಳಿಯುತ್ತದೆ. ದುಂಡಗಿದ್ದ ಬಾಯಿ ಮೊಟ್ಟೆಯಾಕಾರ ತಳೆಯುತ್ತದೆ. ಈ ಮೊಟ್ಟೆಯೊಳಗೆ ಮತ್ತೊಮ್ಮೆ ದುಂಡನೆಯ ಬಟ್ಟಲನ್ನು ಕಡೆದು ತೆಗೆಯುವಷ್ಟು ಮರ ಗೋಡೆಯಲ್ಲಿ ಉಳಿದಿರಬೇಕು. ಗೋಡೆ ತೀರ ತೆಳುವಾದರೆ ಮರ ಸಾಲದು. ತೀರ ದಪ್ಪವಾದರೆ ಸೀಳುತ್ತದೆ. ತಳದ ದಪ್ಪವೂ ಗೋಡೆಯಷ್ಟೇ ಇರಬೇಕು. ಗೋಡೆ ಸರಿಯಾಗಿದ್ದು ತಳದಲ್ಲಿ ಮರ ಹೆಚ್ಚಾಗಿ ಉಳಿದ ಬಟ್ಟಲುಗಳು ತಳದಿಂದಲೇ ಒಡೆಯುತ್ತವೆ.

ಯಂತ್ರದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಅರ್ಧದಿಂದ ಒಂದು ಅಶ್ವಶಕ್ತಿಯ ಮೋಟಾರು, ವೇಗ ಬದಲಾಯಿಸುವ ಸೌಕರ್ಯ, ಅಲುಗದ ಭಾರವಾದ ಪೀಠ ಇರುವ ಮರದ ಲೇತ್ ಸಾಕು. ಹಣ ಹೂಡುವ ಮುನ್ನ ಕೆಲವು ದಿನ ಅನುಭವಸ್ಥ ಕಡೆಯುವವರ ಪಕ್ಕದಲ್ಲಿ ನಿಂತು ನೋಡುವುದು ಉತ್ತಮ. ಬಟ್ಟಲು ಮಾರಿ ಯಂತ್ರದ ಸಾಲ ತೀರಿಸುವೆನೆಂಬ ಲೆಕ್ಕಾಚಾರ ಬೇಡ. ಕಸುಬಿನವರೊಂದಿಗೆ ಬೆಲೆಯಲ್ಲಿ ಸ್ಪರ್ಧಿಸುವುದು ಹವ್ಯಾಸಿಯಿಂದಾಗದ ಮಾತು.

ಉಳಿಯ ಚಲನೆಯ ದಿಕ್ಕನ್ನು ಮಾತ್ರ ಚೆನ್ನಾಗಿ ನೆನಪಿಟ್ಟುಕೊಳ್ಳಬೇಕು. ಹೊರಮೈಯನ್ನು ಕಡೆಯುವಾಗ ತಳದಿಂದ ಬಾಯಿಯ ಕಡೆಗೆ, ಒಳಮೈಯನ್ನು ಕಡೆಯುವಾಗ ಬಾಯಿಯಿಂದ ತಳದ ನಡುವಿಗೆ ಉಳಿ ಸಾಗಬೇಕು. ಹೀಗೆ ಮಾಡಿದಾಗ ಕತ್ತರಿಸಲ್ಪಡುವ ಪ್ರತಿ ಎಳೆಗೂ ಕೆಳಗಿನ ಎಳೆಯ ಆಸರೆ ಇರುತ್ತದೆ. ತಿರುಗುಮುರುಗಾಗಿ ಕಡೆದರೆ ಎಳೆಗಳು ಕಿತ್ತುಬರುತ್ತವೆ. ಬಟ್ಟಲಿನ ಎದುರುಬದುರು ಎರಡು ಕಡೆಗಳಲ್ಲಿ ಮೈ ತರಿತರಿಯಾಗುತ್ತದೆ. ಆ ತರಿಯನ್ನು ಎಷ್ಟು ಮರಳು ಕಾಗದ ತಿಕ್ಕಿದರೂ ಹೋಗಲಾಡಿಸುವುದು ಕಷ್ಟ. ದಿಂಡು ಸಮ ದುಂಡಾಗುವವರೆಗೆ ವೇಗ ಆದಷ್ಟು ಕಡಿಮೆ ಇರಲಿ. 25 ಸೆಂ.ಮೀ. ಬಟ್ಟಲಿನ ಕೊನೆಯ ಹಂತಕ್ಕೂ ನಿಮಿಷಕ್ಕೆ 600ರಿಂದ 900 ಸುತ್ತು ಧಾರಾಳವಾಯಿತು.

ಪಂಚೆ, ಹೆಗಲ ವಸ್ತ್ರ, ಸಡಿಲ ತೋಳಿನ ಅಂಗಿ, ಸೆರಗು, ಕೊರಳ ಸರ, ಕೈಗವಸು ಇವಾವುವೂ ಯಂತ್ರದ ಬಳಿ ಇರಕೂಡದು. ಮುಖಕ್ಕೆ ಪಾರದರ್ಶಕ ಕವಚ ಹಾಕಿಕೊಳ್ಳಲೇಬೇಕು. ಗುಂಡಿ ಒತ್ತುವ ಮುನ್ನ ದಿಂಡನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ಎಲ್ಲಿಯೂ ತಗುಲದೆಂದು ಖಚಿತಪಡಿಸಿಕೊಳ್ಳಬೇಕು. ಗುಂಡಿ ಒತ್ತುವಾಗ ದಿಂಡಿನ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ನಿಲ್ಲಬೇಕು. ಹಳ್ಳಿಗಳಲ್ಲಿ ಇನ್ನೊಂದು ಅಪಾಯವುಂಟು. ಕಡೆಯುತ್ತಿರುವಾಗ ವಿದ್ಯುತ್ ಹೋದರೆ ಗುಂಡಿಯನ್ನು ಆರಿಸುವುದು ಮರೆತು ಊಟಕ್ಕೋ ಹಾಲು ಕರೆಯುವುದಕ್ಕೋ ಎದ್ದು ಹೋಗುವುದುಂಟು. ವಿದ್ಯುತ್ ಮರಳಿ ಬಂದಾಗ ಯಂತ್ರ ತಾನಾಗಿಯೇ ತಿರುಗತೊಡಗುತ್ತದೆ. ಆಗ ಹತ್ತಿರ ಮಗುವೊಂದು ಇದ್ದರೆ ಗತಿಯೇನು? ದೀಪ ಆರಿದೊಡನೆ ಗುಂಡಿ ಆರಿಸುವ ಅಭ್ಯಾಸವನ್ನು ಮೊದಲ ದಿನದಿಂದಲೇ ಮಾಡಿಕೊಳ್ಳತಕ್ಕದ್ದು.

ತಕ್ಕಡಿಯೇ ಪಂಚಾಂಗ

ಒರಟು ಬಟ್ಟಲಿನ ಹೊರಮೈಗೂ ಅಂಚಿಗೂ ಮೇಣ ಸವರಿ, ಒಳಮೈಯನ್ನು ಹಾಗೆಯೇ ಬಿಡಬಹುದು. ಬಟ್ಟಲಿನ ತಳದಲ್ಲಿ ಮರದ ಹೆಸರು, ಕಡೆದ ತಾರೀಖು, ಆ ದಿನದ ತೂಕ ಇಷ್ಟನ್ನು ಪೆನ್ಸಿಲಿನಿಂದ ಬರೆಯಬೇಕು. ಅನಂತರ ಅದೇ ಮರದ ಸಿಪ್ಪೆಯೊಂದಿಗೆ ಕಾಗದದ ಚೀಲದಲ್ಲೋ ರಟ್ಟಿನ ಪೆಟ್ಟಿಗೆಯಲ್ಲೋ ಇಟ್ಟು, ಗಾಳಿ ಬಿಸಿಲು ನೇರವಾಗಿ ತಾಗದ ಮೂಲೆಯಲ್ಲಿರಿಸಬೇಕು. ಅಟ್ಟದ ಮೇಲೆ, ಅಡುಗೆಮನೆಯ ಒಲೆಯ ಹತ್ತಿರ ಇಡಬಾರದು. ಪ್ಲಾಸ್ಟಿಕ್ ಚೀಲ ಕಟ್ಟಿದರೆ ಬೂಷ್ಟು ಹಿಡಿಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಕಾಗದದ ಚೀಲದಲ್ಲಿಯೂ ಬೂಷ್ಟು ಬರುವುದುಂಟು. ಆಗ ಒದ್ದೆಯಾದ ಸಿಪ್ಪೆಯನ್ನು ಎರಡು ಮೂರು ದಿನಕ್ಕೊಮ್ಮೆ ಬದಲಾಯಿಸಬೇಕು. ಆದರೂ ಮಳೆಗಾಲ ಬಟ್ಟಲಿಗೆ ಶತ್ರುವಲ್ಲ. ಆಷಾಢದಲ್ಲಿ ಕಡೆದು ನಿಧಾನವಾಗಿ ಒಣಗಿದ ಬಟ್ಟಲುಗಳಲ್ಲಿ ಒಡೆದವು ಕಡಿಮೆ, ಬೇಸಗೆಯಲ್ಲಿ ಕಡೆದವುಗಳಲ್ಲಿ ಹೆಚ್ಚು.

ವಾರಕ್ಕೊಮ್ಮೆ ಬಟ್ಟಲನ್ನು ತೂಗಿ ಬರೆದಿಡುತ್ತ ಹೋಗಬೇಕು. ಮೊದಲ ವಾರಗಳಲ್ಲಿ ತೂಕ ಭರದಿಂದ ಇಳಿಯುತ್ತದೆ, ಬರಬರುತ್ತ ಇಳಿತ ನಿಧಾನವಾಗುತ್ತದೆ. ಸತತವಾಗಿ ನಾಲ್ಕು ವಾರ ತೂಕ ಬದಲಾಗದಿದ್ದರೆ ಬಟ್ಟಲು ಆ ಊರಿನ ಹವೆಗೆ ಹೊಂದಿಕೊಂಡಿತೆಂದು ತಿಳಿಯಬಹುದು. ಎರಡೂವರೆ ಸೆಂ.ಮೀ. ದಪ್ಪದ ಗೋಡೆಗೆ ಮರ ಮತ್ತು ಋತುವನ್ನು ಅನುಸರಿಸಿ ಮೂರರಿಂದ ಆರು ತಿಂಗಳು ಹಿಡಿಯಬಹುದು.

ತೇವಾಂಶವನ್ನು ಅಂಕಿಯಲ್ಲೇ ತಿಳಿಯಬೇಕೆನ್ನುವವರು ದಿಂಡಿನಿಂದ ಸಣ್ಣ ತುಂಡೊಂದನ್ನು ತೂಗಿಟ್ಟುಕೊಂಡು, ಅದನ್ನು 100 ಡಿಗ್ರಿ ಸೆಲ್ಸಿಯಸ್‌ಗಿಂತ ಸ್ವಲ್ಪ ಹೆಚ್ಚಿನ ಶಾಖದ ಒಲೆಪೆಟ್ಟಿಗೆಯಲ್ಲಿ ತೂಕ ನಿಲ್ಲುವವರೆಗೆ ಒಣಗಿಸಬೇಕು. ಹಸಿ ತೂಕ 100 ಗ್ರಾಂ, ಒಣ ತೂಕ 60 ಗ್ರಾಂ ಬಂದರೆ ಹೋದ ನೀರು 40 ಗ್ರಾಂ. ಇದನ್ನು ಒಣ ತೂಕವಾದ 60ರಿಂದ ಭಾಗಿಸಿ 100ರಿಂದ ಗುಣಿಸಿದರೆ ತೇವಾಂಶ ಶೇಕಡ 67 ಸುಮಾರು. ಹಸಿ ತೂಕದಿಂದ ಭಾಗಿಸುವುದು ಸಾಮಾನ್ಯವಾಗಿ ಆಗುವ ತಪ್ಪು. ಧಾನ್ಯದ ತೇವಾಂಶದ ಲೆಕ್ಕ ಅದು, ಮರದ್ದಲ್ಲ.

ಕಾಯುವ ತಾಳ್ಮೆ ಇಲ್ಲದವರು ಒರಟು ಬಟ್ಟಲನ್ನು ನೀರಿನಲ್ಲಿ ಕುದಿಸುವುದುಂಟು. ಗೋಡೆಯ ದಪ್ಪ ಎರಡೂವರೆ ಸೆಂ.ಮೀ. ಇದ್ದರೆ ಒಂದು ಗಂಟೆ ಕುದಿಸಿ, ತಣಿಸಿ, ಮೇಲೆ ಹೇಳಿದಂತೆಯೇ ಒಣಗಿಸುತ್ತಾರೆ. ಒಡೆಯುವುದು ಇದರಿಂದ ಕಡಿಮೆಯಾಗುತ್ತದೆ. ಹಲಸಿನ ಬಟ್ಟಲನ್ನು ಮಾತ್ರ ಸ್ನಾನದ ಹಂಡೆಯಲ್ಲಿ ಕುದಿಸಿ ಮನೆಯವರ ಸಿಟ್ಟಿಗೆ ಗುರಿಯಾಗಬಾರದು. ಹಲಸಿನ ಚೇಗಿನಲ್ಲಿ ಗಾಢವಾದ ಹಳದಿ ಬಣ್ಣವಿದೆ. ಬೌದ್ಧ ಭಿಕ್ಷುಗಳ ಬಟ್ಟೆಗೆ ಬಣ್ಣ ಕಟ್ಟಲು ಬಳಸುತ್ತಿದ್ದುದು ಇದನ್ನೇ. ಕುದಿಸಿದರೆ ಬಟ್ಟಲಿನ ಬಣ್ಣವೂ ಸ್ವಲ್ಪ ನೀರುಪಾಲು.

ಯಾವ ಮರ ಹೇಗೆ

ಪ್ರಾರಂಭಿಸುವವರಿಗೆ ಹಲಸು ಒಳ್ಳೆಯ ಗುರು. ಹದವಾದ ಗಡಸು, ಕಡೆದಾಗ ಹೊಂಬಣ್ಣ, ಬೆಳಕಿಗೆ ಬೀಳುತ್ತ ಕೆಲವು ತಿಂಗಳಲ್ಲಿ ಕಂದು. ಮಾವಿನ ಮರ ಮೃದು, ಆದರೆ ಹಸಿಯಾಗಿ ಬಿಟ್ಟರೆ ಶಿಲೀಂಧ್ರ ಹತ್ತಿ ನೀಲಿ ಕಪ್ಪು ಗೆರೆಗಳು ಮೂಡುತ್ತವೆ. ಕೆಲವರಿಗೆ ಈ ಗೆರೆಗಳೇ ಇಷ್ಟ. ಅದರ ಬಿಳಿ ಹೊರಮರದಲ್ಲಿ ಪಿಷ್ಟ ಇರುವುದರಿಂದ ಹಿಟ್ಟು ಉದುರಿಸುವ ಕೊರಕ ಹುಳು ಬೀಳುವುದು ಹೆಚ್ಚು. ಅಲಂಕಾರಕ್ಕಷ್ಟೇ ಇಡುವ ಬಟ್ಟಲಾದರೆ ಒರಟಾಗಿ ಕಡೆದೊಡನೆ, ಬೋರಿಕ್ ಆಮ್ಲ 1 ಭಾಗಕ್ಕೆ ಬೊರಾಕ್ಸ್ 1.5 ಭಾಗದಂತೆ ಬೆರೆಸಿ ಮಾಡಿದ ಶೇಕಡ 5ರ ದ್ರಾವಣದಲ್ಲಿ ಒಂದೆರಡು ದಿನ ಮುಳುಗಿಸಿಟ್ಟು, ಆ ಬಳಿಕ ಒಣಗಿಸಬಹುದು. ಹೀಗೆ ಮಾಡುವುದಾದರೆ ಮೇಣವನ್ನು ದ್ರಾವಣದಿಂದ ತೆಗೆದ ಮೇಲೆ ಸವರಬೇಕು. ತಿನ್ನುವ ಪದಾರ್ಥ ಇಡುವ ಬಟ್ಟಲಿಗೆ ಈ ಉಪಚಾರ ಕೂಡದು.

ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್‌ನಲ್ಲಿ ಮೀನಿನ ಹುರುಪೆಯಂತಹ ಹೊಳಪು ಚುಕ್ಕೆಗಳು ಕಾಣುತ್ತವೆ. ಇದರ ರಸ ಮತ್ತು ಧೂಳು ಕೆಲವರ ಚರ್ಮಕ್ಕೆ ಆಗದು. ಬಾಗೆ ಮರದ ಧೂಳು ಸೀನು ತರಿಸುತ್ತದೆ. ಹುಣಸೆಯ ಚೇಗು ಕಡುಗಂದು, ಬಲು ಗಡಸು. ಉಳಿಯನ್ನು ಪದೇ ಪದೇ ಸಾಣೆ ಹಿಡಿಯಬೇಕಾಗುತ್ತದೆ. ತೆಂಗಿನಲ್ಲಿ ಉಂಗುರಗಳೇ ಇಲ್ಲ, ಹೊರಗೆ ಕಬ್ಬಿಣ ಒಳಗೆ ಬೆಂಡು. ಬಟ್ಟಲಿಗೆ ಹೊರಭಾಗವಷ್ಟೇ ಯೋಗ್ಯ. ಮರ ಯಾವುದೆಂದು ತಿಳಿಯದೆ ತೊಡಕಾದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ವಿಚಾರಿಸಬಹುದು.

ಮೆರುಗು

ಒಣಗಿದ ಬಟ್ಟಲನ್ನು ಎರಡನೆಯ ಸಲ ಕಡೆದು, ಗೋಡೆಯನ್ನು 6–8 ಮಿ.ಮೀ.ಗೆ ಇಳಿಸಿ, 80, 120, 180, 240 ನಂಬರಿನ ಮರಳು ಕಾಗದಗಳನ್ನು ಒಂದಾದ ಮೇಲೊಂದು ಬಳಸಬೇಕು. ಈ ಹಂತದಲ್ಲಿ ಏಳುವ ಧೂಳು ನಯವಾದುದು, ಶ್ವಾಸಕೋಶಕ್ಕೆ ಕೆಟ್ಟದ್ದು. ಮೂಗುಬಾಯಿಗೆ ಮುಸುಕು ಇಲ್ಲದೆ ತಿಕ್ಕಬಾರದು.

ಚನ್ನಪಟ್ಟಣದ ಮಾದರಿಯ ಮೆರುಗಿಗೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಬಟ್ಟಲಿಗೆ ಒತ್ತಿ ಹಿಡಿಯುತ್ತಾರೆ. ಉಜ್ಜುವಿಕೆಯ ಶಾಖಕ್ಕೆ ಅರಗು ಕರಗಿ ಮೈಗೆ ಹತ್ತುತ್ತದೆ. ಅನಂತರ ಒಣಗಿದ ಕೇದಗೆ ಗರಿಯನ್ನು ಒತ್ತಿ ಹಿಡಿದರೆ ಅರಗು ಸಮನಾಗಿ ಹರಡಿ ಹೊಳಪು ಬರುತ್ತದೆ. ಅರಗು ಮುತ್ತುಗ, ಎಲಚಿ, ಜಾಲಾರಿ ಮೊದಲಾದ ಮರಗಳ ಮೇಲೆ ಬದುಕುವ ಕೀಟ ಸ್ರವಿಸುವ ಪದಾರ್ಥ, ವಿಷವಲ್ಲ. ಆದರೆ ಬಿಸಿ ತಾಗಿದರೆ ಮೆದುವಾಗುತ್ತದೆ. ಹಣ್ಣು, ಕಡಲೆಕಾಯಿ, ಎಲೆಯಡಿಕೆ ಇಡಬಹುದು. ಬಿಸಿ ಸಾರು ಬಡಿಸುವುದಕ್ಕಲ್ಲ. ಅರಿಶಿನದ ಬಣ್ಣ ಹಾಕಿದ ಬಟ್ಟಲನ್ನು ಬಿಸಿಲು ಬೀಳುವ ಕಿಟಕಿಯಲ್ಲಿಟ್ಟರೆ ಬಿಳಿಚಿಕೊಳ್ಳುತ್ತದೆ.

ಮರದ ಸ್ವಂತ ಬಣ್ಣವೇ ಸಾಕೆನ್ನುವವರಿಗೆ ಅಗಸೆ ಎಣ್ಣೆ ಮತ್ತು ಜೇನುಮೇಣ ತಕ್ಕವು. ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆಗಳು ಒಣಗುವುದಿಲ್ಲ, ಕೆಲ ಕಾಲದ ಮೇಲೆ ಕಮಟುತ್ತವೆ. ಅಗಸೆ ಎಣ್ಣೆ ಗಾಳಿಯೊಡನೆ ಸೇರಿ ಗಟ್ಟಿಯಾಗುತ್ತದೆ. ಅಂಗಡಿಯಲ್ಲಿ ಸಿಗುವ ಬಣ್ಣದ ಕೆಲಸದ ‘ಕಾಯಿಸಿದ’ ಅಗಸೆ ಎಣ್ಣೆಯಲ್ಲಿ ಬೇಗ ಒಣಗಿಸುವ ಲೋಹದ ಲವಣಗಳಿರುವುದರಿಂದ ತಿಂಡಿಯ ಬಟ್ಟಲಿಗೆ ಹಸಿ ಎಣ್ಣೆಯೇ ಬೇಕು. ತೆಳುವಾಗಿ ಸವರಿ, ಒಂದೆರಡು ವಾರ ಬಿಟ್ಟು, ಮತ್ತೊಮ್ಮೆ ಸವರಬೇಕು. ಎಣ್ಣೆ ಒರೆಸಿದ ಬಟ್ಟೆಯ ಚೂರುಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಲೇಬಾರದು. ಅಗಸೆ ಎಣ್ಣೆ ಗಟ್ಟಿಯಾಗುವಾಗ ಶಾಖ ಹುಟ್ಟುತ್ತದೆ. ಮುದ್ದೆಯೊಳಗೆ ಆ ಶಾಖ ಹೊರಹೋಗಲಾರದೆ ಬಟ್ಟೆ ತಾನಾಗಿ ಹೊತ್ತಿಕೊಳ್ಳುವುದುಂಟು. ಮರದ ಸಿಪ್ಪೆ ತುಂಬಿದ ಕೋಣೆಯಲ್ಲಿ ಇದು ಎಂಥ ಅನಾಹುತವೆಂದು ಬೇರೆ ಹೇಳಬೇಕಿಲ್ಲ. ಬಟ್ಟೆಯನ್ನು ಅಂಗಳದಲ್ಲಿ ಬಿಡಿಯಾಗಿ ಹರಡಬೇಕು, ಇಲ್ಲವೆ ನೀರಿನಲ್ಲಿ ನೆನೆಸಿಡಬೇಕು.

ಎಷ್ಟೇ ಎಚ್ಚರ ವಹಿಸಿದರೂ ಹತ್ತರಲ್ಲಿ ಒಂದೆರಡು ಬಟ್ಟಲು ಒಣಗುವಾಗ ಬಿರುಕು ಬಿಡಬಹುದು. ಕೂದಲೆಳೆಯಷ್ಟು ಸಣ್ಣ, ಆಳವಿಲ್ಲದ ಬಿರುಕಾದರೆ ಅರಗನ್ನು ಕರಗಿಸಿ ತುಂಬಬಹುದು. ಗೋಡೆಯ ಆಚೆಯಿಂದ ಈಚೆಗೆ ಬೆಳಕು ಕಾಣುವ ಬಿರುಕಿದ್ದರೆ, ಎಷ್ಟೇ ಸುಂದರವಾದ ಬಟ್ಟಲಾದರೂ ಅದನ್ನು ಎರಡನೆಯ ಸಲ ಯಂತ್ರಕ್ಕೆ ಏರಿಸಬಾರದು. ತಿರುಗುವ ವೇಗಕ್ಕೆ ಅದು ಎರಡು ಹೋಳಾಗಿ ಹಾರಿ ಬಂದು ಬಡಿಯುತ್ತದೆ. ಅಂಥದನ್ನು ಬಚ್ಚಲೊಲೆಗೆ ಹಾಕಿ, ತಳದಲ್ಲಿ ಬರೆದಿದ್ದ ತಾರೀಖು ಮತ್ತು ತೂಕವನ್ನು ಮಾತ್ರ ಪುಸ್ತಕದಲ್ಲಿ ಗುರುತು ಹಾಕಿಟ್ಟುಕೊಳ್ಳಬೇಕು.